ಮಾಪಣ್ಣನ ಹವಾಪಾಲಟ

ಮಾಪಣ್ಣನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು ಇರುತ್ತಿತ್ತು.

ಈ ಪೆನ್ನಿಗೂ ಒಂದು ಚರಿತ್ರೆಯಿದೆ. ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಮಾಪಣ್ಣ ಹನ್ನೊಂದು ವರ್ಷ ಪೀಪಾಯಿ ಉರುಳಿಸಿದ. ಹನ್ನೆರಡನೆಯ ವರ್ಷ ಸೂಪರ್‌ವೈಸರು ಅವನ ಕೈಗೆ ಒಂದು ತುಂಡು ಸೀಮೆಸುಣ್ಣ ಕೊಟ್ಟು, ಉರುಳಿಸಿದ ಪ್ರತಿ ಪೀಪಾಯಿಗೂ ಗೋಡೆಯ ಮೇಲೆ ಒಂದು ಗೆರೆ ಎಳೆಯಲು ಹೇಳಿದರು. ಉರುಳಿಸುವ ಕೆಲಸ ಕಡಿಮೆಯಾಗಲಿಲ್ಲ, ಗೆರೆ ಎಳೆಯುವ ಕೆಲಸ ಹೆಚ್ಚಾಯಿತು. ಮಾಪಣ್ಣ ಮಾತ್ರ ಇದನ್ನು ಬಡ್ತಿ ಎಂದು ತಿಳಿದ. ಅಂದು ಸಂಜೆಯೇ ಸ್ಟೇಶನ್ನಿನ ಹೊರಗೆ ಪೆನ್ನು ಕೊಂಡು ಜೇಬಿಗೆ ಸಿಕ್ಕಿಸಿ, ಲೋಕಲ್ ರೈಲು ಹಿಡಿದು ದಿವಾ ಸ್ಟೇಶನ್ನಿನಲ್ಲಿಳಿದು, ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ಚಾಳಿಗೆ ಬಂದ. ಪಕ್ಕದ ಖೋಲಿಯ ಯಂಕಪ್ಪ "ಏನೋ ಇದು?" ಎಂದದ್ದಕ್ಕೆ "ಮುಕಾದಮ್ ಮಾಡ್ಯಾರ" ಎಂದುಬಿಟ್ಟ, ಕೂಲಿಗಳ ಮೇಲೆ ಮೇಸ್ತ್ರಿ ಮಾಡಿದ್ದಾರೆ ಎನ್ನುವ ಹಾಗೆ. ಹತ್ತು ಖೋಲಿಗಳ ಆ ಚಾಳಿನಲ್ಲಿ ಅಂದಿನಿಂದ ಅವನು ಮುಕಾದಮ್ ಮಾಪಣ್ಣ. ಹೆಸರು ಗಳಿಸುವುದಕ್ಕೆ ಪೆನ್ನು ಸಾಕಾಯಿತು. ಉಳಿಸಿಕೊಳ್ಳುವುದಕ್ಕೆ ಮಾತ್ರ ಅವನು ಬಹಳ ಒದ್ದಾಡಬೇಕಾಯಿತು, ಅವನ ಹೆಂಡತಿ ಅವನಿಗಿಂತ ಹೆಚ್ಚು.

ಎಪ್ಪತ್ತೊಂಬತ್ತನೆಯ ಇಸವಿಯ ಚಳಿಗಾಲದಲ್ಲಿ ಕಾರ್ಖಾನೆಯ ಗೇಟಿಗೆ ಒಂದು ನೋಟೀಸು ಅಂಟಿಸಿದ್ದರು. ಆ ಭಾಗದ ಕಾರ್ಖಾನೆಗಳ ಮಾಲೀಕರೆಲ್ಲ ಸೇರಿ ಶ್ರಮಿಕ ಕಲ್ಯಾಣ ನಿಧಿ ಎಂದು ಒಂದನ್ನು ಕಟ್ಟಿದ್ದಾರೆ. ನಿಧಿಯ ಖರ್ಚಿನಲ್ಲಿ ಕಾಮಗಾರರ ಕುಟುಂಬಗಳು ಮಾಥೇರಾನ ಬೆಟ್ಟದ ಮೇಲೆ ನಾಲ್ಕು ದಿನ ಇದ್ದು ಬರಬಹುದು. ಹೋಗಿಬರುವ ರೈಲು, ಇರುವ ಕೋಣೆ, ಎರಡು ಹೊತ್ತಿನ ಊಟ ಎಲ್ಲವೂ ಹೆಸರಿಗೆ ಮಾತ್ರದ ದುಡ್ಡಿಗೆ. ಕಲ್ಯಾಣ ಕಚೇರಿಗೆ ಬಂದು ಅರ್ಜಿ ಕೊಡಬೇಕು. ಸೂಪರ್‌ವೈಸರು ಇದನ್ನು ಓದಿ ಹೇಳಿದ ಮರುದಿನವೇ ಮಾಪಣ್ಣ ರಜೆ ಹಾಕಿ, ಲೋಕಲ್ ಹತ್ತಿ ನೇರವಾಗಿ ಕಲ್ಯಾಣಕ್ಕೆ ಹೋದ.

ಕಲ್ಯಾಣದಲ್ಲಿ ಅವನು ವಿಚಾರಿಸದ ಜಾಗವಿರಲಿಲ್ಲ. ಅಂಚೆ ಕಚೇರಿಯವರು ಕೋರ್ಟಿಗೆ ಕಳಿಸಿದರು. ಕೋರ್ಟಿನ ಜವಾನ ದವಾಖಾನೆಗೆ ಕಳಿಸಿದ. ಮಧ್ಯಾಹ್ನ ಎರಡು ಗಂಟೆಗೆ ಮರದ ಕೆಳಗೆ ಟೈಪ್ ಮಾಡುತ್ತಿದ್ದ ಮುದುಕನೊಬ್ಬ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, "ಬಾಬಾ, ಅದು ಊರಿನ ಕಲ್ಯಾಣ ಅಲ್ಲ. ನಿನ್ನ ಕಲ್ಯಾಣ" ಎಂದು ಮರಾಠಿಯಲ್ಲಿ ತಿಳಿಹೇಳಿದ. ಕಲ್ಯಾಣ ಕಚೇರಿ ಇದ್ದದ್ದು ಡೊಂಬಿವಲಿಯಲ್ಲೇ, ಮಾಪಣ್ಣನ ಕಾರ್ಖಾನೆಯ ಹಿಂಬದಿಗೆ, ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ. ಹನ್ನೊಂದು ವರ್ಷದಿಂದ ಅವನು ಅದರ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ.

ಅಲ್ಲಿ ಕುಳಿತಿದ್ದ ಪೇಂಡ್ಸೆ ಸಾಹೇಬರು ನಿಯಮದ ಮನುಷ್ಯ. ಪಗಾರ ಎಷ್ಟು, ಮನೆಯಲ್ಲಿ ಎಷ್ಟು ಮಂದಿ ಎಂದೆಲ್ಲ ಕೇಳಿ ಬರೆದುಕೊಂಡು, "ದುರ್ಬಲ ಘಟಕ" ಎಂದು ಮೇಲೆ ಒಂದು ಶಿಕ್ಕಾ ಹೊಡೆದರು.

"ಸಾಹೇಬ, ದುರ್ಬಲ ಮತ್ಲಬ್?"

"ಗರೀಬ್! ಗರೀಬ್ ಲೋಗ್!" ಎಂದು ಸಾಹೇಬರು ಕೂಗಿದರು. ಅವರಿಗೆ ಸಿಟ್ಟೇನೂ ಇರಲಿಲ್ಲ, ಪಕ್ಕದಲ್ಲಿ ಪಂಖ ಗಡಗಡ ಎನ್ನುತ್ತಿತ್ತು ಅಷ್ಟೆ. ಆದರೆ ಸಾಲಿನಲ್ಲಿದ್ದ ನಾಲ್ವರೂ ಮಾಪಣ್ಣನ ಕಡೆ ತಿರುಗಿ ನೋಡಿದರು. ಆಮೇಲೆ ಸಹಿ ಹಾಕು ಎಂದಾಗ ಅವನು ಎಡಗೈ ಹೆಬ್ಬೆಟ್ಟು ಮುಂದೆ ಮಾಡಿದ. ಪೇಂಡ್ಸೆ ಸಾಹೇಬರು ಹೆಬ್ಬೆಟ್ಟು ನೋಡಿದರು, ಜೇಬಿನ ಪೆನ್ನು ನೋಡಿದರು, ಶಾಯಿಯ ಪ್ಯಾಡನ್ನು ತಳ್ಳಿದರು.

ಗರೀಬ ಎನ್ನುವುದು ಮಾಪಣ್ಣನಿಗೆ ಹೊಸ ಸುದ್ದಿಯಲ್ಲ. ಜೇವರ್ಗಿ ಕಡೆಯ ಹಳ್ಳಿ ಬಿಟ್ಟು ಬಂದಾಗಲೇ ಅವನಿಗದು ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಶಿಕ್ಕಾ ಹೊಡೆಸಿಕೊಳ್ಳುವುದು ಬೇರೆ. ಮನೆಗೆ ಬಂದವನೇ ಬಾಗಿಲು ಮುಂದೆ ಮಾಡಿ, ಹೆಂಡತಿಗೆ ಸುದ್ದಿಯನ್ನು ಪಿಸುಮಾತಿನಲ್ಲಿ ಹೇಳಿದ.

ದ್ರೌಪದಿ ಆಗ ರೊಟ್ಟಿ ಬಡಿಯುತ್ತಿದ್ದಳು. ಅವಳು ರೊಟ್ಟಿ ಬಡಿಯದ ಹೊತ್ತನ್ನು ಹುಡುಕಿ ಮಾತಾಡಿಸುವುದು ಕಷ್ಟವೇ ಇತ್ತು. ಊರಕಡೆಯಿಂದ ಬಂದು ಒಂಟಿಯಾಗಿದ್ದ ಎಂಟು ಮಂದಿ ದುಡಿಯುವವರು ಅವಳ ಜೋಳದ ರೊಟ್ಟಿ ನಂಬಿಕೊಂಡಿದ್ದರು. ದಿನಕ್ಕೆ ಅವರದ್ದು ನಲವತ್ತು, ಮನೆಯದ್ದು ಹತ್ತು. ಮರದ ಹೊಟ್ಟು ತುಂಬಿದ ಒಲೆ, ಕಿಟಕಿಯಿಲ್ಲದ ಖೋಲಿ. ಹೊಗೆಗೆ ಅವಳು ನಡುನಡುವೆ ಕೆಮ್ಮುತ್ತಿದ್ದಳು. ಗಂಡ ಹೇಳಿದ್ದರಲ್ಲಿ ಬೆಟ್ಟ, ಗಾಳಿ, ಸಣ್ಣ ರೈಲು ಯಾವುದೂ ಅವಳ ಕಿವಿಗೆ ಬೀಳಲಿಲ್ಲ.

"ಅಲ್ಲಿ ರೊಟ್ಟಿ ಯಾರು ಬಡೀತಾರ?" ಎಂದು ಕೇಳಿದಳು.

"ಅವ್ರ ಮಂದಿ ಇರ್ತಾರ."

"ಹಿಟ್ಟು ನಾವು ಒಯ್ಯಬೇಕೇನ್ರಿ?"

"ಏನೂ ಒಯ್ಯೋದಿಲ್ಲ. ಕೈ ತೊಳ್ಕೊಂಡು ಕುಂದ್ರೋದು. ತಾಟು ತಾನೇ ಬರ್ತದ."

"ನಾನೂ ಕುಂದ್ರಬೇಕು?"

"ನೀನೂ ಕುಂದ್ರಬೇಕು."

ದ್ರೌಪದಿಯ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಲಾಯಿತು. ಹದಿನಾಲ್ಕು ವರ್ಷದಲ್ಲಿ ಅವಳು ಸೀಯಿಸಿದ ಮೊದಲ ರೊಟ್ಟಿ ಅದು ಎಂದು ಮಾಪಣ್ಣ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ. ಆ ವಾರವೇ ಅವಳು ಹಸಿರು ಬಣ್ಣದ, ಕೆಂಪು ದಡಿಯ ಸೀರೆಯೊಂದನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟಳು. ಬೆಟ್ಟಕ್ಕೆ ಹೋಗುವ ದಿನ ಉಡುವುದಕ್ಕೆ.

ಶಿವರಾತ್ರಿಗೆ ಮೊದಲು ಕಾಗದ ಬಂತು. ಚಾಳಿನವರ ಕಾಗದಗಳನ್ನೆಲ್ಲ ಪೋಸ್ಟ್‌ಮನ್ ಮೂಲೆ ಖೋಲಿಯ ಲೀಲಾಧರನ ಕೈಗೆ ಕೊಡುವುದು ರೂಢಿ. ಲೀಲಾಧರ ಉಡುಪಿ ಕಡೆಯವನು, ಥಾಣೆಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವನು, ಕೈಗಡಿಯಾರ ಕಟ್ಟುವವನು. ಇಂಗ್ಲಿಷು ಅವನಿಗೆ ಬರುತ್ತಿತ್ತು, ಮರಾಠಿ ಓದಲು ಬರುತ್ತಿರಲಿಲ್ಲ. ಆದ್ದರಿಂದ ಕಾಗದವನ್ನು ನಲ್ಲಿಯ ಹತ್ತಿರ ನಿಂತಿದ್ದ ಮಾಪಣ್ಣನ ಮಗಳು ಗಂಗಾಳ ಕೈಗೆ ಕೊಟ್ಟು, "ಓದು ಮಗಾ, ದೊಡ್ಡದಾಗಿ ಓದು" ಎಂದ. ಅದು ನಲ್ಲಿಗೆ ನೀರು ಬರುವ ಹೊತ್ತು. ಇಡೀ ಚಾಳು ಕೊಡ ಹಿಡಿದು ನಿಂತಿತ್ತು.

ಗಂಗಾ ಮರಾಠಿ ಶಾಲೆಯ ನಾಲ್ಕನೆಯ ಇಯತ್ತೆ. ಶಾಲೆಯಲ್ಲಿ ಪಾಠ ಒಪ್ಪಿಸುವ ಧಾಟಿಯಲ್ಲೇ ಓದಿದಳು: "ದುರ್ಬಲ ಘಟಕಾಂತೀಲ ಕುಟುಂಬಾಂಸಾಠೀ ಹವಾಪಾಲಟ ಯೋಜನಾ!" ದುರ್ಬಲ ವರ್ಗದ ಕುಟುಂಬಗಳಿಗೆ ಹವಾ ಬದಲಾವಣೆಯ ಯೋಜನೆ ಎಂದು. ಆಮೇಲೆ ಅಪ್ಪನ ಹೆಸರು, ಅವ್ವನ ಹೆಸರು, ಮಾಥೇರಾನ, ಇಪ್ಪತ್ತನಾಲ್ಕನೆಯ ತಾರೀಖು ಶನಿವಾರ. ಓದಿ ಮುಗಿಸಿ, "ಆಪಣ ಜಾಣಾರ! ಆಪಣ ಜಾಣಾರ!" ಎಂದು, ನಾವು ಹೋಗುತ್ತೇವೆಂದು ಕುಣಿಯುತ್ತ ಒಳಗೆ ಓಡಿದಳು.

ನಲ್ಲಿಯ ಸುತ್ತ ನಿಂತವರೆಲ್ಲ ಕೊಡ ಹಿಡಿದ ಮಾಪಣ್ಣನ ಕಡೆ ತಿರುಗಿದರು. ದುರ್ಬಲ ಎಂಬ ಮಾತು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಕಚೇರಿಯ ಮರಾಠಿಯಲ್ಲಿ ಅದರರ್ಥ ಬಡವ. ನಮ್ಮ ಕನ್ನಡದಲ್ಲಿ ಮೈಯಲ್ಲಿ ತ್ರಾಣವಿಲ್ಲದವನು.

"ದುರ್ಬಲ ಅಂತ ಯಾರಿಗೆ ಬರ್ದಾರೋ ಮಾಪಣ್ಣ?" ಎಂದು ಯಂಕಪ್ಪ ಕೇಳಿದ.

ಇಲ್ಲಿ ಮಾಪಣ್ಣ ಹೇಳಬೇಕಾಗಿದ್ದದ್ದು ಮೂರೇ ಅಕ್ಷರ. ಗರೀಬ. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನಾಲ್ಕು ದಿನ ಬೆಟ್ಟದ ಗಾಳಿ ಕುಡಿದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಎದುರಿಗೆ ಲೀಲಾಧರನ ಕೈಗಡಿಯಾರವಿತ್ತು, ತನ್ನ ಜೇಬಿನಲ್ಲಿ ಮುಕಾದಮನ ಪೆನ್ನಿತ್ತು. ಅವನು ಒಂದು ಸಲ ಕೆಮ್ಮಿ, ಆಕಾಶ ನೋಡಿ, "ಅದು... ಸ್ವಲ್ಪ ತಬ್ಯತ್ ಸಲುವಾಗಿ" ಎಂದ, ಆರೋಗ್ಯಕ್ಕೆ ಎನ್ನುವ ಹಾಗೆ.

ಸರಿಯಾಗಿ ಆ ಹೊತ್ತಿಗೇ ಒಳಗೆ ದ್ರೌಪದಿ ಕೆಮ್ಮಿದಳು.

ಮಾಪಣ್ಣ ಕಾಗದ ಮಡಚಿಕೊಂಡು ಒಳಗೆ ಹೋದ ಮೇಲೆ ಲೀಲಾಧರ ದನಿ ತಗ್ಗಿಸಿದ. "ಹವಾಪಾಲಟ ಅಂದ್ರೆ ಎಂತ ಗೊತ್ತುಂಟಾ ನಿಮಗೆ? ನಮ್ಮ ಧನಿಗಳ ತಮ್ಮನಿಗೆ ಡಾಕ್ಟ್ರು ಬರೆದುಕೊಟ್ಟದ್ದು ಇದನ್ನೇ. ಪಂಚಗಣಿಗೆ ಕಳಿಸಿದ್ರು. ಆರು ತಿಂಗಳು."

"ಅವ್ನಿಗಿ ಏನಾಗಿತ್ರಿ?" ಎಂದ ಯಂಕಪ್ಪ.

ಲೀಲಾಧರ ಕ್ಷಯ ಎಂಬ ಮಾತನ್ನು ಬಾಯಿಗೆ ತರಲಿಲ್ಲ. ತೋರುಬೆರಳಿನಿಂದ ಎದೆಯ ಮೇಲೆ ಎರಡು ಸಲ ಬಡಿದು ತೋರಿಸಿದ. ಯಂಕಪ್ಪನ ಹೆಂಡತಿ ಮರಗಮ್ಮ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಳು. "ಯವ್ವಾ, ನಿನ್ನಿ ತಾನೇ ಆಕಿ ಕೈಲಿ ಪುಂಡಿಪಲ್ಯ ಇಸ್ಕೊಂಡು ಉಂಡೀನಿ!"

ಮರುದಿನದಿಂದ ಚಾಳಿನಲ್ಲಿ ದ್ರೌಪದಿಯ ಮೇಲೆ ಎಲ್ಲರಿಗೂ ಅಪಾರ ಪ್ರೀತಿ ಉಕ್ಕಿತು. ಹತ್ತಿರ ಬಾರದ ಪ್ರೀತಿ. ನಲ್ಲಿಯಲ್ಲಿ ಒಂದೊಂದು ಕೊಡಕ್ಕೂ ಜಗಳವಾಡುತ್ತಿದ್ದ ಹೆಂಗಸರು ಅವಳನ್ನು ಕಂಡೊಡನೆ ದೂರ ಸರಿದು, "ನೀ ಮೊದಲ್ ತುಂಬ್ಕೋ ತಂಗಿ" ಎನ್ನತೊಡಗಿದರು. ಲೀಲಾಧರನ ಹೆಂಡತಿ ಪುಷ್ಪಾವತಿ ಆಡುಸೋಗೆ ಸೊಪ್ಪಿನ ಕಷಾಯ ಮಾಡಿ, ಸ್ಟೀಲ್ ಲೋಟದಲ್ಲಿ ತಂದು ಹೊಸ್ತಿಲ ಹೊರಗೇ ಇಟ್ಟು, "ಲೋಟ ವಾಪಸ್ ಕೊಡುದು ಬೇಡ ಅಕ್ಕಾ, ನೀವೇ ಇಟ್ಕೊಳ್ಳಿ" ಎಂದು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ದ್ರೌಪದಿಗೆ ಖುಷಿಯೋ ಖುಷಿ. ಮುಕಾದಮನ ಹೆಂಡತಿ ಎಂಬ ಮರ್ಯಾದೆ ಕೊನೆಗೂ ಬಂತು ಎಂದುಕೊಂಡಳು. ಲೋಟವನ್ನು ಬೂದಿ ಹಚ್ಚಿ ತಿಕ್ಕಿ ಫಳಫಳ ಹೊಳೆಸಿ, ಬಂದವರಿಗೆ ಕಾಣುವ ಹಾಗೆ ಗೂಡಿನಲ್ಲಿಟ್ಟಳು. ಆದರೆ ಬರುವವರೇ ಇರಲಿಲ್ಲ.

ಮೊದಲು ರೊಟ್ಟಿ ಬಿಟ್ಟವನು ಸೈದಪ್ಪ. "ಅಕ್ಕಾ, ಡಾಕ್ಟರ್ ಜ್ವಾಳ ಮುಟ್ಟಬ್ಯಾಡ ಅಂದಾನ" ಎಂದು ಅಳುಮೋರೆ ಮಾಡಿಕೊಂಡು ಹೇಳಿ ಹೋದ. ಮಾನಪ್ಪ ಊರಿಗೆ ಹೋಗಬೇಕು ಎಂದ. ಊರಿಗೆ ಹೋದವನು ದಿನವೂ ದಿವಾ ಸ್ಟೇಶನ್ನಿನ ಮುಂದೆ ವಡಾಪಾವ್ ತಿನ್ನುತ್ತಿದ್ದುದನ್ನು ಮಾಪಣ್ಣನೇ ಕಂಡ. ವಾರ ಮುಗಿಯುವಷ್ಟರಲ್ಲಿ ಎಂಟೂ ಮಂದಿ ಬಿಟ್ಟಿದ್ದರು. ಕೊನೆಯವನಂತೂ ಕಾರಣವನ್ನೂ ಹೇಳಲಿಲ್ಲ, ಡಬ್ಬಿ ತೆಗೆದುಕೊಂಡು ಹೋಗಲು ಬರಲೂ ಇಲ್ಲ.

ಬೆಳಗ್ಗೆ ಹತ್ತೇ ರೊಟ್ಟಿ. ಎಂಟು ಗಂಟೆಗೆಲ್ಲ ಒಲೆ ಆರುತ್ತಿತ್ತು. ದ್ರೌಪದಿ ಹೊಸ್ತಿಲ ಮೇಲೆ ಕುಳಿತು ಓಡಾಡುವವರನ್ನು ನೋಡುತ್ತಿದ್ದಳು, ಓಡಾಡುವವರು ಗೋಡೆ ನೋಡುತ್ತಿದ್ದರು. ಹೀಗೆ ಕುಳಿತಿದ್ದಾಗ ಒಂದು ಬೆಳಗ್ಗೆ, ತಾನು ನೀರು ತುಂಬಿಕೊಂಡು ಬಂದ ಮೇಲೆ ಮರಗಮ್ಮ ಆ ನಲ್ಲಿಗೆ ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುವುದು ಕಣ್ಣಿಗೆ ಬಿತ್ತು. ದ್ರೌಪದಿ ದಡ್ಡಿಯಲ್ಲ. ಗೂಡಿನಲ್ಲಿದ್ದ ಲೋಟದ ಕಡೆ ಒಂದು ಸಲ ನೋಡಿದಳು. ಎಲ್ಲ ಅರ್ಥವಾಯಿತು.

ಸಂಜೆ ಗಂಡ ಬಂದ ಕೂಡಲೇ ಎದುರಿಗೆ ನಿಂತಳು. "ನನಗೇನು ಬ್ಯಾನಿ ಅದ ಅಂತ ಹೇಳೀರಿ ನೀವು ಮಂದಿಗಿ?"

"ನಾ ಏನೂ ಹೇಳಿಲ್ಲ."

"ಅದಕ್ಕೇ ಕೇಳಾಕತ್ತೀನಿ. ಯಾಕ ಹೇಳಿಲ್ಲ? ಗರೀಬರಿಗಿ ಕೊಡೋದು, ನಮಗ ಕೊಟ್ಟಾರ ಅಂತ ಹೇಳಿದ್ರ ಏನಾಗ್ತಿತ್ತು?"

"ನನಗ ಮುಕಾದಮ್ ಅಂತಾರ ಎಲ್ಲಾರೂ. ನಾ ಗರೀಬ ಅಂತ ಹ್ಯಾಂಗ್ ಹೇಳಲಿ?"

"ಹೊಗಿ ಕುಡ್ದು ರೊಟ್ಟಿ ಬಡ್ಯಾಕಿ ನಾನು. ಹತ್ತು ಖೋಲಿಗಿ ಒಂದು ನಳ. ಇಲ್ಲಿ ಸಾವುಕಾರ ಯಾರಿದ್ದಾರ್ರಿ?"

ಮಾಪಣ್ಣನ ಹತ್ತಿರ ಒಂದು ಯೋಜನೆಯಿತ್ತು. ಮುಂದಿನ ಶನಿವಾರವೇ ಹೋಗುವುದಿದೆಯಲ್ಲ. ನಾಲ್ಕು ದಿನ ಅಲ್ಲಿ ಚೆನ್ನಾಗಿ ಉಂಡು ಮೈಕೈ ತುಂಬಿಕೊಂಡು ಬಂದರೆ ಚಾಳಿನವರ ಬಾಯಿ ತಾನಾಗಿಯೇ ಮುಚ್ಚುತ್ತದೆ. "ಇನ್ನೊಂದು ವಾರ ತಡ್ಕೋ. ಬಂದ ಮ್ಯಾಲ ಎಲ್ಲಾ ಸರಿ ಹೋಗ್ತದ" ಎಂದ. ದ್ರೌಪದಿ ಬೆಟ್ಟದ ಮೇಲಿನ ಆ ತಾಟನ್ನು ನೆನೆದುಕೊಂಡಳು. ನಾಲ್ಕು ದಿನದ ಆಸೆಗೆ ಅವಳು ಆ ವಾರವನ್ನು ನುಂಗಿಕೊಂಡಳು.

ಚಾಳಿನವರು ಕೆಟ್ಟವರಾಗಿದ್ದರೆ ಈ ಯೋಜನೆ ಫಲಿಸುತ್ತಿತ್ತೇನೋ. ದುರದೃಷ್ಟಕ್ಕೆ ಅವರು ಬಹಳ ಒಳ್ಳೆಯವರು. ಅಂಥ ದೊಡ್ಡ ಕಾಯಿಲೆಗೆ ನಾಲ್ಕೇ ದಿನದ ಹವಾಪಾಲಟ ಎಲ್ಲಿ ಸಾಲುತ್ತದೆ ಎಂಬ ಚಿಂತೆ ಅವರನ್ನು ಹಿಡಿಯಿತು. ಮಂಗಳವಾರ ಲೀಲಾಧರ ಹೋಟೆಲಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಮಾಪಣ್ಣನಿಗೆ ತಿಳಿಯದ ಹಾಗೆ ಯಂಕಪ್ಪನನ್ನು ಕರೆದುಕೊಂಡು ಪೇಂಡ್ಸೆ ಸಾಹೇಬರ ಮುಂದೆ ಹೋಗಿ ನಿಂತ.

"ಸರ್, ಫೋರ್ ಡೇಸ್ ನಾಟ್ ಇನಫ್" ಎಂದು ಇಂಗ್ಲಿಷಿನಲ್ಲೇ ಶುರುಮಾಡಿದ. "ಕಮ್ ಸೆ ಕಮ್ ಛೆ ಮಹೀನಾ ಚಾಹಿಯೇ. ಪೂರ್ ಲೇಡಿ, ಸರ್. ವೆರಿ ಅಡ್ವಾನ್ಸ್ಡ್ ಸ್ಟೇಜ್."

"ಯಾವುದರ ಸ್ಟೇಜ್?" ಎಂದರು ಸಾಹೇಬರು.

ಲೀಲಾಧರ ಎದೆಯ ಮೇಲೆ ಎರಡು ಸಲ ಬಡಿದು ತೋರಿಸಿದ. ಯಂಕಪ್ಪ ಪಕ್ಕದಲ್ಲಿ ನಿಂತು, ಸಾಹೇಬರಿಗೆ ಚೆನ್ನಾಗಿ ತಿಳಿಯಲೆಂದು, ದ್ರೌಪದಿ ಕೆಮ್ಮುವ ಬಗೆಯನ್ನು ಕೆಮ್ಮಿ ತೋರಿಸಿದ.

ಪೇಂಡ್ಸೆ ಸಾಹೇಬರು ಕುರ್ಚಿಯನ್ನೇ ಹಿಂದಕ್ಕೆ ತಳ್ಳಿದರು. ಬೆಟ್ಟದ ಮೇಲೆ ಒಂದೇ ಬಂಗಲೆಯಲ್ಲಿ ಹನ್ನೆರಡು ಕುಟುಂಬಗಳು ಒಟ್ಟಿಗೆ ಇರುವುದು, ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಸಣ್ಣ ಮಕ್ಕಳಿರುವುದು. ಆ ಕ್ಷಣವೇ ಮಾಪಣ್ಣನಿಗೆ ಕಾರ್ಖಾನೆಯಿಂದ ಬುಲಾವು ಹೋಯಿತು. ಅವನು ಬಂದು ನೋಡಿದರೆ ಅಲ್ಲಿ ಲೀಲಾಧರ, ಯಂಕಪ್ಪ ಇಬ್ಬರೂ ಪುಣ್ಯದ ಕೆಲಸ ಮಾಡಿದವರ ಮುಖ ಹೊತ್ತು ನಿಂತಿದ್ದಾರೆ.

"ಇಲ್ಲ ಸಾಹೇಬ! ಸುಳ್ಳು! ಹೊಗಿ! ಧುವಾ, ಧುವಾ!" ಎಂದು ಮಾಪಣ್ಣ ಕೈಕಾಲು ಬಡಿದುಕೊಂಡ. ಸಾಹೇಬರು ಕನಿಕರದಿಂದಲೇ ಕೇಳಿದರು. ಸುಳ್ಳೇ ಇರಬಹುದು, ಆದರೆ ಬಾಯಿಮಾತು ನಡೆಯುವುದಿಲ್ಲ. ಎದೆಯ ಎಕ್ಸ್‌ರೇ ತೆಗೆಸಿ, ದವಾಖಾನೆಯ ಸರ್ಟಿಫಿಕೇಟು ತಂದು ಶುಕ್ರವಾರ ಸಂಜೆಯೊಳಗೆ ಮೇಜಿನ ಮೇಲಿಡಬೇಕು. ಅದು ನಿಯಮ.

ಬುಧವಾರ ಬೆಳಗ್ಗೆ ಗಂಡ ಹೆಂಡತಿ ಥಾಣೆಯ ದವಾಖಾನೆಯೊಂದಕ್ಕೆ ಹೋದರು. ದ್ರೌಪದಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಿದ್ದಳು. ಬೆಟ್ಟಕ್ಕೆ ಇಟ್ಟುಕೊಂಡದ್ದಲ್ಲವೇ ಎಂದು ಮಾಪಣ್ಣ ಕೇಳಿದ್ದಕ್ಕೆ, "ಫೋಟೋ ತೆಗೀತಾರಲ್ರಿ. ಮದಿವ್ಯಾಗೂ ನಂದು ಫೋಟೋ ತೆಗಿಸಿಲ್ಲ" ಎಂದಳು. ಅದು ಎದೆಯ ಒಳಗಿನ ಫೋಟೋ, ಸೀರೆ ಕಾಣುವುದಿಲ್ಲ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ಉದ್ದನೆಯ ಸಾಲಿನಲ್ಲಿ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ನಿಂತ ಮಾಪಣ್ಣನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಎಕ್ಸ್‌ರೇ ತೆಗೆದರು. ರಿಪೋರ್ಟು ಸೋಮವಾರ ಎಂದರು. ಮಾಪಣ್ಣ ಕೈಮುಗಿದ, ಕಾಗದ ತೋರಿಸಿದ, ಮಾಥೇರಾನ ಎಂದ. "ಮಾಥೇರಾನ ಎಲ್ಲೂ ಓಡಿಹೋಗುವುದಿಲ್ಲ" ಎಂದು ಕಿಟಕಿಯಲ್ಲಿದ್ದವನು ನಕ್ಕು ಮುಂದಿನವರನ್ನು ಕರೆದ. ಅವನ ಮಾತು ಸರಿಯೇ. ಮಾಥೇರಾನ ಅಲ್ಲೇ ಇದೆ, ಈಗಲೂ.

ಶುಕ್ರವಾರ ಸಂಜೆ ಪೇಂಡ್ಸೆ ಸಾಹೇಬರು ಮಾಪಣ್ಣನ ಹೆಸರಿನ ಮೇಲೆ ಗೆರೆ ಎಳೆದು ಪಟ್ಟಿಯಲ್ಲಿ ಮುಂದಿನ ಹೆಸರು ನೋಡಿದರು. ಆ ಹೆಸರು ಯಂಕಪ್ಪನದು. ಯಂಕಪ್ಪ ಪಕ್ಕದ ಕಾರ್ಖಾನೆಯವನು. ಅಲ್ಲಿನ ಸೂಪರ್‌ವೈಸರು ಒಂದು ದಿನ ಎಲ್ಲರ ಹೆಬ್ಬೆಟ್ಟನ್ನೂ ಯಾವುದೋ ಕಾಗದದ ಮೇಲೆ ಒತ್ತಿಸಿಕೊಂಡಿದ್ದರು. ಅದೇನು ಎಂದು ಅವನು ಕೇಳಿಯೂ ಇರಲಿಲ್ಲ. ಜವಾನ ಸೈಕಲ್ಲಿನ ಮೇಲೆ ಬಂದು ನಾಳೆ ಬೆಳಗ್ಗೆ ಹೊರಡಬೇಕು ಎಂದಾಗ, ಯಂಕಪ್ಪ ಗಾಬರಿಯಿಂದ ತನ್ನ ಎದೆ ಮುಟ್ಟಿ ನೋಡಿಕೊಂಡ. ತನಗೂ ಬಂದಿದೆಯೇ ಎಂದು. ಅದು ಬರೀ ಗರೀಬರಿಗೆ ಕೊಡುವ ರಜೆ, ಕಾಯಿಲೆಗಲ್ಲ ಎಂದು ಜವಾನ ನಗುತ್ತ ಬಿಡಿಸಿ ಹೇಳಿದ ಮೇಲೆ ಯಂಕಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತ.

ಸ್ವಲ್ಪ ಹೊತ್ತಿಗೆ ಅವನೂ ಮರಗಮ್ಮನೂ ದ್ರೌಪದಿಯ ಹೊಸ್ತಿಲಿಗೆ ಬಂದರು. ಎರಡು ವಾರದ ಮೇಲೆ ಮೊದಲ ಸಲ ಒಳಗೆ ಬಂದರು.

"ತಂಗಿ, ನಮ್ದು ತಪ್ಪಾಯ್ತು. ನಾವು ಹೋಗಂಗಿಲ್ಲ" ಎಂದ ಯಂಕಪ್ಪ.

ಮಾಪಣ್ಣ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. "ಹೋಗ್ರಿ ಅಣ್ಣಾ" ಎಂದಳು ದ್ರೌಪದಿ. "ಮಾಡಿಟ್ಟ ಅಡಿಗಿ ಯಾಕ ಹಾಳಾಗಬೇಕು? ಅಕ್ಕನ್ನ ಕರ್ಕೊಂಡು ಹೋಗ್ರಿ."

ಅವರು ನಸುಕಿನಲ್ಲೇ, ಚಾಳಿನಲ್ಲಿ ಯಾರಿಗೂ ಏನೂ ಹೇಳದೆ ಹೋದರು.

ಸೋಮವಾರ ರಿಪೋರ್ಟು ಬಂತು. ಮಾಪಣ್ಣ ಅದನ್ನು ನಲ್ಲಿಗೆ ನೀರು ಬರುವ ಹೊತ್ತಿಗೇ ತಂದು, ಕಟ್ಟೆಯ ಮೇಲೆ ನಿಂತು, ಲೀಲಾಧರನ ಕೈಗೆ ಕೊಟ್ಟು, "ದೊಡ್ಡದಾಗಿ ಓದ್ರಿ!" ಎಂದ. ಲೀಲಾಧರ ಓದಿದ: ಎದೆ ಸ್ವಚ್ಛ, ಏನೂ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಾಗಾದ್ರೆ ಆ ದುರ್ಬಲ ಅಂತ ಹಾಕಿದ್ದು ಎಂತಕ್ಕೆ ಮಾರಾಯ್ರೇ?"

"ಗರೀಬ!" ಎಂದು ಮಾಪಣ್ಣ ಕೂಗಿದ. ಪಂಖ ಗಡಗಡಿಸುತ್ತಿರಲಿಲ್ಲ, ಆದರೂ ಪೇಂಡ್ಸೆ ಸಾಹೇಬರಿಗಿಂತ ಜೋರಾಗಿ ಕೂಗಿದ. "ದುರ್ಬಲ ಅಂದ್ರ ಗರೀಬ! ನಾನು ಗರೀಬ! ಮುಕಾದಮ್ ಗಿಕಾದಮ್ ಏನಲ್ಲ, ಪೀಪಾಯಿ ಉಳ್ಳಸ್ತೀನಿ, ಸುಣ್ಣದಿಂದ ಗೆರಿ ಎಳೀತೀನಿ. ಈ ಪೆನ್ನಿನಾಗ ಶಾಯಿ ಸೈತ ಇಲ್ಲ!"

ನಗುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿ ನಿಂತ. ಯಾರೂ ನಗಲಿಲ್ಲ.

"ಅಷ್ಟೇನಾ?" ಎಂದ ಲೀಲಾಧರ. ಅಂಗಿಯ ತೋಳನ್ನು ಮೆಲ್ಲಗೆ ಕೈಗಡಿಯಾರದ ಮೇಲೆ ಎಳೆದುಕೊಂಡ. "ಅಲ್ಲ, ಈ ಫಾರ್ಮ್ ಎಲ್ಲಿ ಸಿಗ್ತದೆ? ನಾನು ಎಂತ, ನನಗೆ ಬಂಗ್ಲೆ ಉಂಟಾ?"

ಐದು ನಿಮಿಷದಲ್ಲಿ ಚಾಳಿನ ಎಲ್ಲರೂ ತಾವು ಮಾಪಣ್ಣನಿಗಿಂತ ಹೆಚ್ಚು ಗರೀಬರು ಎಂದು ವಾದಿಸುತ್ತಿದ್ದರು. ಒಬ್ಬ ತನ್ನ ಸೋರುವ ಸೂರನ್ನು ತೋರಿಸಿದ, ಇನ್ನೊಬ್ಬ ಬನಿಯನ್ನಿನ ತೂತು ತೋರಿಸಿದ. ಸೈದಪ್ಪನಂತೂ ತನ್ನಷ್ಟು ದುರ್ಬಲ ದಿವಾದಲ್ಲೇ ಇಲ್ಲ ಎಂದು ಆಣೆ ಮಾಡಿದ, ಅದರ ಜೊತೆಗೇ ನಾಳೆಯಿಂದ ತನಗೆ ಮತ್ತೆ ಐದು ರೊಟ್ಟಿ ಎಂದು ಹೇಳಿದ. ಮಾಪಣ್ಣ ಕಟ್ಟೆಯಿಂದ ಇಳಿದು ಒಳಗೆ ಹೋದ. ಎರಡು ವಾರ ಅವನು ಪ್ರಾಣ ಒತ್ತೆಯಿಟ್ಟು ಮುಚ್ಚಿಟ್ಟಿದ್ದ ಮಾತು ಚಾಳಿನಲ್ಲಿ ಯಾರಿಗೂ ಒಂದು ಮಾತೇ ಆಗಿರಲಿಲ್ಲ. ಇದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಬುಧವಾರ ಮರಗಮ್ಮ ಬೆಟ್ಟದಿಂದ ಇಳಿದು ಬಂದಳು. ಮುಖದಲ್ಲಿ ಕಳೆ ಬಂದಿತ್ತು. ಬಂದವಳು ಕೋತಿ ನೋಡಿದ್ದು, ಕುದುರೆ ನೋಡಿದ್ದು, ಸಣ್ಣ ರೈಲು ಹಾವಿನ ಹಾಗೆ ತಿರುಗಿ ತಿರುಗಿ ಹತ್ತಿದ್ದು ಎಲ್ಲ ಹೇಳತೊಡಗಿದಳು. ದ್ರೌಪದಿ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಎಂಟೂ ಮಂದಿ ವಾಪಸು ಬಂದಿದ್ದರು, ಒಬ್ಬ ಹೊಸಬನೂ ಸೇರಿದ್ದ.

"ಅಕ್ಕಾ, ಅಲ್ಲಿ ರೊಟ್ಟಿ ಯಾರು ಬಡೀತಿದ್ರು?"

"ರೊಟ್ಟಿ ಎಲ್ಲೀದು, ಚಪಾತಿ. ಒಬ್ಬ ಗಂಡಸು ಮಾಡ್ತಿದ್ದ ನೋಡು, ಇಷ್ಟು ದಪ್ಪ ಮೀಸಿ. ನಾ ತಾಟು ತೊಳೀಲಕ ಎದ್ದರ, 'ಬಾಯೀ, ಬಸಾ, ಬಸಾ' ಅಂದ, ಕುಂದ್ರು ಅಂತ. ಕುಂತೆ. ಮೊದಲ್ನೇ ದಿನ ಕೈ ಎಲ್ಲಿ ಇಟ್ಕೋಬೇಕೋ ತಿಳೀಲಿಲ್ಲ ತಂಗಿ. ಉಡ್ಯಾಗ ಇಟ್ಕೊಂಡು ಸುಮ್ನ ಕುಂತೆ."

"ಮತ್ತ?"

"ಮತ್ತೇನು. ಬಿಸಿ ಬಿಸಿ ಹಾಕ್ದ. ಉಂಡೆ. ಅಳು ಬಂತು."

ದ್ರೌಪದಿ ಆ ಕಥೆಯನ್ನು ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಕೋತಿ, ಕುದುರೆ ಬೇಡವಾಗಿತ್ತು ಅವಳಿಗೆ. ಮೀಸೆಯವನು ಚಪಾತಿ ಹಾಕುವ ಜಾಗಕ್ಕೆ ಬಂದಾಗ ಮಾತ್ರ, "ಏನಂದ ಅವ? ಇನ್ನೊಮ್ಮೆ ಹೇಳು" ಎನ್ನುತ್ತಿದ್ದಳು. ಒಳಗೆ ಮಲಗಿದ್ದ ಮಾಪಣ್ಣ 'ಬಾಯೀ, ಬಸಾ' ಎಂಬುದನ್ನು ಎಷ್ಟು ಸಲ ಕೇಳಿದನೋ. ಕೇಳಿದಾಗಲೆಲ್ಲ ಮಗ್ಗುಲು ಬದಲಿಸುತ್ತಿದ್ದ. ಹೆಂಡತಿ ಬೈದಿದ್ದರೆ ಬಹಳ ಸುಲಭವಾಗುತ್ತಿತ್ತು.

ಮುಂದಿನ ವರ್ಷ ನೋಟೀಸು ಬಿದ್ದ ದಿನವೇ ಮಾಪಣ್ಣ ಕಲ್ಯಾಣ ಕಚೇರಿಗೆ ಓಡಿದ. ಈ ಸಲ ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೇ. ಸಾಲಿನಲ್ಲಿ ಅವನೇ ಮೊದಲಿಗ. ಜೇಬು ಖಾಲಿ, ಅಂಗಿ ಇದ್ದುದರಲ್ಲೇ ಹಳೆಯದು. ಬಾಗಿಲು ತೆರೆದೊಡನೆ ಸಾಲಿನವರಿಗೆಲ್ಲ ಕೇಳಿಸುವ ಹಾಗೆ, "ಸಾಹೇಬ! ದುರ್ಬಲ ಘಟಕ! ಗರೀಬ್!" ಎಂದು ಕೂಗಿ ಹೆಬ್ಬೆಟ್ಟು ಮುಂದೆ ಮಾಡಿದ.

ಪೇಂಡ್ಸೆ ಸಾಹೇಬರಿಗೆ ಅವನ ನೆನಪಿತ್ತು. ಕಾರ್ಖಾನೆಯಿಂದ ಬಂದ ಪಗಾರದ ಪಟ್ಟಿ ತಿರುವಿದರು. ಮತ್ತೊಮ್ಮೆ ತಿರುವಿದರು. ಅವರ ಮುಖ ಸಣ್ಣದಾಯಿತು. ದೀಪಾವಳಿಗೆ ಕಾರ್ಖಾನೆಯವರು ಹಳಬರಿಗೆಲ್ಲ ಸ್ವಲ್ಪ ಪಗಾರ ಏರಿಸಿದ್ದರು. ಮಾಪಣ್ಣನ ಹೆಸರಿನ ಮುಂದೆ, ನಿಜವಾಗಿಯೂ, ಟೈಪ್ ಮಾಡಿದ ಅಕ್ಷರದಲ್ಲಿ, ಮುಕಾದಮ್ ಎಂದಿತ್ತು. ನಿಧಿಯ ಮಿತಿಗಿಂತ ಅವನ ಪಗಾರ ಹನ್ನೆರಡು ರೂಪಾಯಿ ಮೇಲೆ ಹೋಗಿತ್ತು.

"ಮಾಪಣ್ಣಾ, ತೂ ಆತಾ ದುರ್ಬಲ ನಾಹೀಸ್" ಎಂದರು ಸಾಹೇಬರು. ನೀನೀಗ ದುರ್ಬಲನಲ್ಲ. ಸಾಲಿನಲ್ಲಿದ್ದವರು ಗೌರವದಿಂದ ಅವನಿಗೆ ದಾರಿ ಬಿಟ್ಟರು.

ಸಂಜೆ ಚಾಳಿಗೆ ಬಂದು ಹೊಸ್ತಿಲಲ್ಲೇ ಕುಳಿತ. ಒಲೆಯ ಮುಂದಿದ್ದ ದ್ರೌಪದಿ ತಲೆ ಎತ್ತಿದಳು.

"ಏನಂದ್ರು?"

"ನಾವು ಗರೀಬರಲ್ಲಂತ."

ದ್ರೌಪದಿ ಅವನ ಮುಖ ನೋಡಿದಳು, ಹೊಗೆಗೆ ಕಪ್ಪಾದ ಗೋಡೆ ನೋಡಿದಳು, ಹಿಟ್ಟು ಮೆತ್ತಿದ ತನ್ನ ಎರಡು ಕೈಗಳನ್ನು ನೋಡಿದಳು. ಆಮೇಲೆ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು. ನಗುತ್ತ ನಗುತ್ತ ಹೊಗೆ ನೆತ್ತಿಗೇರಿ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು, ಅದು ಯಾವುದರ ನೀರೆಂದು ಮಾಪಣ್ಣ ಕೇಳಲಿಲ್ಲ.

ಗೋಡೆಯಾಚೆಯಿಂದ ಪುಷ್ಪಾವತಿ ಕೂಗಿದಳು: "ದ್ರೌಪದಕ್ಕಾ, ಎಂತ ಆಯ್ತು?"

ಮಾಪಣ್ಣ ಎದ್ದು ಅಂಗಳಕ್ಕೆ ಬಂದು, ಹತ್ತು ಬಾಗಿಲಿಗೂ ಕೇಳಿಸುವಂತೆ, ಕೇಳದವರಿಗೂ ಸೇರಿಸಿ ಕೂಗಿ ಹೇಳಿದ. "ಬ್ಯಾನಿ ಅಲ್ರೀ! ಹೊಗಿ! ನಾವು ಗರೀಬರಲ್ಲಂತ, ಅದಕ್ಕ ನಗಾಕತ್ತಾಳ!"

ಒಳಗೆ ಬಂದು ಗೂಡಿನಲ್ಲಿದ್ದ ಪುಷ್ಪಾವತಿಯ ಸ್ಟೀಲ್ ಲೋಟದಲ್ಲಿ ನೀರು ತುಂಬಿ ಹೆಂಡತಿಗೆ ಕೊಟ್ಟ. "ಬಸಾ" ಎಂದ, ಮೆಲ್ಲಗೆ. ಅವಳು ಕುಳಿತೇ ಇದ್ದಳು. ನೀರು ಕುಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಉಂಡೆ ಕೈಗೆ ತೆಗೆದುಕೊಂಡಳು. ಇನ್ನೂ ಹದಿನೆಂಟು ರೊಟ್ಟಿ ಬಡಿಯುವುದಿತ್ತು.